ಗ್ಲೋಬ್ ದುಂಡಗಿರಲಿಲ್ಲ, ಅಲ್ಲಿನ ರಂಗ ಬರಿದಾಗಿರಲಿಲ್ಲ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಎಲಿಜಬೆತ್ ರಾಣಿಯ ಕಾಲದ ಲಂಡನ್ ನಾಟಕಶಾಲೆಗಳ ಬಗ್ಗೆ ಬಂದ ಲೇಖನ ಓದಿದೆ. ಇಂಥ ವಿಷಯಕ್ಕೆ ಇಡೀ ಪುಟ ಕೊಟ್ಟದ್ದು ಸಂತೋಷದ ಸಂಗತಿ. ಆದರೆ ಅದರಲ್ಲಿ ಬಂದ ಮೂರು ಮಾತುಗಳನ್ನು ಹಾಗೇ ಬಿಡುವಂತಿಲ್ಲ. ಷೇಕ್ಸ್‌ಪಿಯರನ ತಂಡದ ನಾಟಕಶಾಲೆಯಾದ ಗ್ಲೋಬ್ ದುಂಡಗಿನ ಕಟ್ಟಡ ಎನ್ನುವುದು ಒಂದು. ಅಲ್ಲಿ ಏನೂ ಸಾಮಗ್ರಿ ಇಲ್ಲದೆ ಬರಿಯ ಹಲಗೆಯ ಮೇಲೆ ಆಡುತ್ತಿದ್ದರು ಎನ್ನುವುದು ಎರಡನೆಯದು. ಹೆಂಗಸರು ರಂಗ ಹತ್ತಬಾರದು ಎಂದು ಕಾನೂನು ಇತ್ತು ಎನ್ನುವುದು ಮೂರನೆಯದು. ಮೂರೂ ಸರಿಯಲ್ಲ. ಷೇಕ್ಸ್‌ಪಿಯರನ ನಾಟಕ ಪಠ್ಯವಾಗಿರುವ ಕಡೆಯೆಲ್ಲ ಈ ಮೂರು ಮಾತು ಟಿಪ್ಪಣಿ ಪುಸ್ತಕದಿಂದ ಟಿಪ್ಪಣಿ ಪುಸ್ತಕಕ್ಕೆ ದಾಟುತ್ತಲೇ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಆ ನಾಟಕಶಾಲೆಗಳು ಬಡಗಿ, ದರ್ಜಿ, ಸಾಲ ಕೊಡುವವ, ನಟ ಎಲ್ಲರೂ ಸೇರಿ ನಡೆಸಿದ ದುಡಿಮೆಯ ಜಾಗಗಳು. ಅಲ್ಲಿನ ಒಂದೊಂದು ರೂಢಿಗೂ ಮರದಲ್ಲೋ, ಹಗಲಿನ ಬೆಳಕಿನಲ್ಲೋ, ಗಲ್ಲಾಪೆಟ್ಟಿಗೆಯಲ್ಲೋ ಒಂದು ಕಾರಣ ಸಿಗುತ್ತದೆ.

ಲಂಡನ್ನಿನಲ್ಲಿ ನಾಟಕಕ್ಕೆಂದೇ ಕಟ್ಟಿದ ಜಾಗ ಶುರುವಾದದ್ದು 1576ರಲ್ಲಿ ಎಂದು ಲೇಖನ ಹೇಳುತ್ತದೆ. ಅದಕ್ಕೂ ಒಂಬತ್ತು ವರ್ಷ ಮೊದಲು, 1567ರಲ್ಲಿ, ಜಾನ್ ಬ್ರೇಯ್ನ್ ಎಂಬ ದಿನಸಿ ವ್ಯಾಪಾರಿ ನಗರದ ಪೂರ್ವಕ್ಕೆ 'ರೆಡ್ ಲಯನ್' ಎಂಬಲ್ಲಿ ರಂಗವನ್ನೂ ಸುತ್ತ ಗ್ಯಾಲರಿಗಳನ್ನೂ ಕಟ್ಟಿಸಿದ್ದ. ರಂಗ 40 ಅಡಿಗೆ 30 ಅಡಿ, ನೆಲದಿಂದ 5 ಅಡಿ ಎತ್ತರ. ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ, ಬ್ರೇಯ್ನ್‌ಗೂ ಅವನ ಬಡಗಿಗಳಿಗೂ ಕೆಲಸದ ವಿಷಯದಲ್ಲಿ ಜಗಳ ಬಿದ್ದು ಅದು ದಾಖಲೆಗೆ ಸೇರಿದ್ದು. ಈ ಕಾಲದ ರಂಗಭೂಮಿಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಹೀಗೆ ವ್ಯಾಜ್ಯ, ಕರಾರು ಮತ್ತು ಲೆಕ್ಕದ ಪುಸ್ತಕಗಳಿಂದ ಬಂದದ್ದು. ಅದೇ ಬ್ರೇಯ್ನ್, ತನ್ನ ಭಾವಮೈದುನ ಜೇಮ್ಸ್ ಬರ್ಬೇಜ್ ಜೊತೆ ಸೇರಿ 1576ರಲ್ಲಿ ಶೋರ್‌ಡಿಚ್‌ನಲ್ಲಿ 'ದಿ ಥಿಯೇಟರ್' ಕಟ್ಟಿದ. ಬರ್ಬೇಜ್ ಮೊದಲು ಬಡಗಿ, ಆಮೇಲೆ ನಟ. ಮರುವರ್ಷ ಪಕ್ಕದಲ್ಲೇ 'ಕರ್ಟನ್' ಬಂತು. 1587ರಲ್ಲಿ ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ ಫಿಲಿಪ್ ಹೆನ್ಸ್ಲೋನ 'ರೋಸ್', 1595ರಲ್ಲಿ 'ಸ್ವಾನ್', 1599ರಲ್ಲಿ 'ಗ್ಲೋಬ್', 1600ರಲ್ಲಿ 'ಫಾರ್ಚೂನ್'.

ಇವೆಲ್ಲ ಇದ್ದದ್ದು ನಗರಾಡಳಿತದ ಕೈಗೆ ಸಿಗದ ಜಾಗಗಳಲ್ಲಿ. ಜನ ಗುಂಪು ಸೇರಿದರೆ ಪ್ಲೇಗ್ ಹರಡುತ್ತದೆ, ಕೂಲಿಯವರೂ ಕಲಿಕೆಗೆ ಸೇರಿದ ಹುಡುಗರೂ ಕೆಲಸ ಬಿಟ್ಟು ಓಡುತ್ತಾರೆ, ಗಲಾಟೆ ಏಳುತ್ತದೆ ಎಂಬುದು ಮೇಯರ್ ಮತ್ತು ಹಿರಿಯರ ದೂರು. 1572ರ ಕಾಯ್ದೆಯ ಪ್ರಕಾರ, ಬ್ಯಾರನ್ ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಯಜಮಾನನ ಆಶ್ರಯವಿಲ್ಲದ ನಟರನ್ನು ಅಲೆಮಾರಿಗಳೆಂದು ಹಿಡಿದು ಶಿಕ್ಷಿಸಬಹುದಿತ್ತು. ಹಾಗಾಗಿಯೇ ಪ್ರತಿ ತಂಡದ ಹೆಸರಿನಲ್ಲೂ ಒಬ್ಬ ಧಣಿ ಇದ್ದಾನೆ: ಲಾರ್ಡ್ ಅಡ್ಮಿರಲ್‌ನ ತಂಡ, ಲಾರ್ಡ್ ಚೇಂಬರ್ಲಿನ್‌ನ ತಂಡ. ಷೇಕ್ಸ್‌ಪಿಯರ್ ಇದ್ದದ್ದು ಎರಡನೆಯದರಲ್ಲಿ. 1603ರಲ್ಲಿ ಜೇಮ್ಸ್ ಪಟ್ಟಕ್ಕೆ ಬಂದ ಮೇಲೆ ಅದೇ ತಂಡ ರಾಜನ ತಂಡವಾಯಿತು.

ಈಗ ದುಂಡಗಿನ ಮಾತಿಗೆ ಬರುತ್ತೇನೆ. ಈ ಕಟ್ಟಡಗಳ ಅಸ್ಥಿಪಂಜರ ಓಕ್ ಮರದ್ದು. ಹಸಿ ಮರದಲ್ಲೇ ಕೆಲಸ ಮಾಡುತ್ತಿದ್ದರು, ಒಣಗಿದ ಓಕ್‌ಗೆ ಉಳಿ ಸುಲಭವಾಗಿ ಇಳಿಯುವುದಿಲ್ಲ. ತೊಲೆಯ ತುದಿಯನ್ನು ನಾಲಗೆಯಂತೆ ಕೆತ್ತಿ, ಇನ್ನೊಂದು ತೊಲೆಯ ತೂತಿಗೆ ಕೂರಿಸಿ, ಅಡ್ಡಕ್ಕೆ ಮರದ ಗೂಟ ಬಡಿಯುವುದು. ಮರ ಒಣಗುತ್ತ ಹೋದಂತೆ ಆ ಹಿಡಿತ ಬಿಗಿಯಾಗುತ್ತದೆ. ಇಂಥ ನೇರ ತೊಲೆಗಳಿಂದ ದುಂಡಗಿನ ಗೋಡೆ ಎಬ್ಬಿಸಲು ಬರುವುದಿಲ್ಲ. ನೇರ ಚೌಕಟ್ಟುಗಳನ್ನು ಒಂದರ ಪಕ್ಕ ಒಂದು ಬಹುಭುಜವಾಗಿ ನಿಲ್ಲಿಸಿದರೆ ದೂರದಿಂದ ದುಂಡಗೆ ಕಾಣುತ್ತದೆ, ಅಷ್ಟೇ. 1989ರಲ್ಲಿ ರೋಸ್‌ನ ಅಡಿಪಾಯ ಅಗೆದಾಗ ಸಿಕ್ಕಿದ್ದು 14 ಬದಿಗಳ ಆಕಾರ, ಅಡ್ಡಳತೆ ಸುಮಾರು 72 ಅಡಿ. ಅದೇ ವರ್ಷ ಗ್ಲೋಬ್‌ನ ಒಂದು ಚಿಕ್ಕ ತುಂಡು ಮಾತ್ರ ಬೆಳಕಿಗೆ ಬಂತು. ಉಳಿದದ್ದು 'ಆಂಕರ್ ಟೆರೇಸ್' ಎಂಬ ಹಳೆಯ ಸಂರಕ್ಷಿತ ಕಟ್ಟಡದ ಕೆಳಗೂ ಅದರ ಪಕ್ಕದ ರಸ್ತೆಯ ಕೆಳಗೂ ಇದೆ. ಸಿಕ್ಕ ಮೂಲೆಯ ಕೋನ ಹಿಡಿದು ಲೆಕ್ಕ ಹಾಕಿ 20 ಬದಿ, ಸುಮಾರು 99 ಅಡಿ ಎಂದು ತೀರ್ಮಾನಿಸಿದರು. ಇಂದಿನ ಮರುನಿರ್ಮಾಣ ನಿಂತಿರುವುದು ಆ ಲೆಕ್ಕದ ಮೇಲೆ. ಅದಕ್ಕಿಂತ ಸಣ್ಣದಿದ್ದಿರಬೇಕು ಎನ್ನುವ ವಿದ್ವಾಂಸರೂ ಇದ್ದಾರೆ. ಕರ್ಟನ್ ಅಂತೂ ಎಲ್ಲರ ಊಹೆಯನ್ನೂ ತಲೆಕೆಳಗು ಮಾಡಿತು. 2016ರ ಉತ್ಖನನದಲ್ಲಿ ಅದು ಬಹುಭುಜವೂ ಅಲ್ಲ, ಸುಮಾರು 30 ಮೀಟರ್ ಉದ್ದ, 22 ಮೀಟರ್ ಅಗಲದ ಆಯತ ಎಂದು ಗೊತ್ತಾಯಿತು.

ಕಾಲೇಜುಗಳಲ್ಲಿ ಥರ್ಮೋಕೋಲಿನಿಂದ ಗ್ಲೋಬ್ ಮಾದರಿ ಮಾಡಿಸುವ ಅಧ್ಯಾಪಕರಿಗೆ ಈ ಲೆಕ್ಕ ಉಪಯೋಗಕ್ಕೆ ಬರಬಹುದು. 99 ಅಡಿ ಅಡ್ಡಳತೆಯ 20 ಭುಜದ ಆಕೃತಿಯಲ್ಲಿ ಒಂದೊಂದು ಬದಿ ಸುಮಾರು ಹದಿನೈದೂವರೆ ಅಡಿ ಬರುತ್ತದೆ. 72 ಅಡಿಯ 14 ಭುಜದ ರೋಸ್‌ನಲ್ಲಿ 16 ಅಡಿ. ಎರಡೂ ಹೆಚ್ಚುಕಡಿಮೆ ಒಂದೇ, ಏಕೆಂದರೆ ಬಡಗಿ ಕೈಗೆ ಸಿಗುವ ತೊಲೆಯ ಉದ್ದವನ್ನೇ ಹಿಡಿದು ಬದಿ ಎಣಿಸುತ್ತಾನೆ. ಕಟ್ಟಡ ದೊಡ್ಡದಾದರೆ ಬದಿಗಳ ಸಂಖ್ಯೆ ಏರುತ್ತದೆ, ಬದಿಯ ಉದ್ದ ಏರುವುದಿಲ್ಲ. ಐವತ್ತರಲ್ಲಿ ಒಂದು ಪಾಲಿನ ಮಾದರಿಗೆ ಕಾಗದದ ಮೇಲೆ 60 ಸೆಂಟಿಮೀಟರ್ ಅಡ್ಡಳತೆಯ ವೃತ್ತ ಎಳೆದು, ನಡುವಿನಿಂದ 18 ಡಿಗ್ರಿಗೊಂದು ಗೆರೆ ಹಾಕಿದರೆ 20 ಮೂಲೆ ಸಿಗುತ್ತವೆ. ಪ್ರತಿ ಬದಿಗೆ 9.4 ಸೆಂಟಿಮೀಟರಿನ ಹಲಗೆ ಸಾಕು. ಥರ್ಮೋಕೋಲನ್ನು ಬಗ್ಗಿಸಿ ಕೊಳವೆ ಮಾಡುವುದೇ ಎಲ್ಲ ಕಡೆ ಆಗುವ ತಪ್ಪು.

ಹೀಗೆ ಗೂಟ ಹೊಡೆದು ಜೋಡಿಸಿದ ಕಟ್ಟಡವನ್ನು ಗೂಟ ಕಿತ್ತು ಬಿಚ್ಚಲೂ ಬಹುದು. ಗ್ಲೋಬ್ ಹುಟ್ಟಿದ್ದೇ ಹಾಗೆ. ಥಿಯೇಟರ್ ನಿಂತಿದ್ದ ನೆಲ ಜೈಲ್ಸ್ ಆ್ಯಲನ್ ಎಂಬವನದು, ಗುತ್ತಿಗೆ 21 ವರ್ಷದ್ದು. 1597ರಲ್ಲಿ ಗುತ್ತಿಗೆ ಮುಗಿಯಿತು, ನವೀಕರಣದ ಮಾತು ಮುರಿದುಬಿತ್ತು. ನೆಲ ಆ್ಯಲನ್‌ನದು, ಮರ ನಮ್ಮದು ಎಂದು ಬರ್ಬೇಜ್‌ನ ಮಕ್ಕಳು 1598ರ ಡಿಸೆಂಬರ್ ಕೊನೆಯ ವಾರ ಬಡಗಿ ಪೀಟರ್ ಸ್ಟ್ರೀಟ್‌ನನ್ನೂ ಆಳುಗಳನ್ನೂ ಕರೆದುಕೊಂಡು ಹೋಗಿ ಇಡೀ ನಾಟಕಶಾಲೆಯನ್ನು ಬಿಚ್ಚಿ ತಂದರು. ಆ್ಯಲನ್ ಮೊಕದ್ದಮೆ ಹೂಡಿದ, ಗೆಲ್ಲಲಿಲ್ಲ. ಹೆಪ್ಪುಗಟ್ಟಿದ ಥೇಮ್ಸ್ ಮೇಲೆ ತೊಲೆ ಎಳೆದುಕೊಂಡು ಹೋದರು ಎಂದು ನಿಮ್ಮ ಲೇಖನದಲ್ಲಿದೆ. ಕೇಳಲು ಚೆನ್ನಾಗಿದೆ, ಆದರೆ ಅದಕ್ಕೆ ಆಧಾರವಿಲ್ಲ. ನದಿಯ ಉತ್ತರ ದಂಡೆಯಲ್ಲೇ ಸ್ಟ್ರೀಟ್‌ಗೆ ತನ್ನದೇ ಮರದ ಅಂಗಳ ಇತ್ತು. ತೊಲೆಗಳು ಅಲ್ಲಿ ಉಳಿದು, ಹೊಸ ಅಡಿಪಾಯ ಸಿದ್ಧವಾದ ಮೇಲೆ ದೋಣಿಯಲ್ಲಿ ದಾಟಿರುವ ಸಾಧ್ಯತೆಯೇ ಹೆಚ್ಚು. ಬಿಚ್ಚಿ ತಂದ ಚೌಕಟ್ಟನ್ನು ಮತ್ತೆ ಕೂರಿಸಬೇಕಾದರೆ ಯಾವ ನಾಲಗೆ ಯಾವ ತೂತಿಗೆ ಎಂಬ ಗುರುತು ಕೆತ್ತಿರಲೇಬೇಕು, ಅಳತೆಯೂ ಮೊದಲಿನದೇ ಆಗಿರಬೇಕು. ಹಾಗಾಗಿ ಗ್ಲೋಬ್‌ನ ಆಕಾರ 1576ರ ಥಿಯೇಟರ್‌ನ ಆಕಾರವೇ ಎಂದು ಕೆಲವರು ಹೇಳುವುದು.

ಹೊಸ ಕಟ್ಟಡಕ್ಕೆ ಹಣ ಸಾಲದೆ ಒಂದು ಹೊಸ ಏರ್ಪಾಡು ಹುಟ್ಟಿತು. ಅರ್ಧ ಪಾಲು ಬರ್ಬೇಜ್ ಸಹೋದರರದು. ಉಳಿದ ಅರ್ಧ ಷೇಕ್ಸ್‌ಪಿಯರ್, ಹೆಮಿಂಜ್, ಫಿಲಿಪ್ಸ್, ಪೋಪ್, ಕೆಂಪ್ ಎಂಬ ಐವರು ನಟರದು, ತಲಾ ನೂರಕ್ಕೆ ಹತ್ತು. ನಟರೇ ಕಟ್ಟಡದ ಒಡೆಯರೂ ಆದದ್ದು ಹೀಗೆ. ಷೇಕ್ಸ್‌ಪಿಯರ್ ಸ್ಟ್ರಾಟ್‌ಫರ್ಡ್‌ನಲ್ಲಿ ಮನೆ, ಜಮೀನು ಮಾಡಿದ ದುಡ್ಡು ಬಹುಮಟ್ಟಿಗೆ ಇಂಥ ಪಾಲುಗಳಿಂದ ಬಂದದ್ದು. ಆಗ ಒಂದು ಹೊಸ ನಾಟಕಕ್ಕೆ ಹೆನ್ಸ್ಲೋ ಕೊಡುತ್ತಿದ್ದದ್ದು ಐದಾರು ಪೌಂಡ್. ಬರೆದು ಸಿರಿವಂತನಾಗಲು ಅದು ಸಾಲದು.

ಅಳತೆಯ ಮಟ್ಟಿಗೆ ನಮಗಿರುವ ದೊಡ್ಡ ಆಸ್ತಿ ಫಾರ್ಚೂನ್‌ನ ಕಟ್ಟಡ ಕರಾರು. 1600ರ ಜನವರಿ 8ರಂದು ಹೆನ್ಸ್ಲೋ ಮತ್ತು ನಟ ಎಡ್ವರ್ಡ್ ಅಲೀನ್ ಇದೇ ಪೀಟರ್ ಸ್ಟ್ರೀಟ್ ಜೊತೆ 440 ಪೌಂಡಿಗೆ ಮಾಡಿಕೊಂಡ ಕರಾರು ಅದು. ಫಾರ್ಚೂನ್ ಚೌಕಾಕಾರ: ಹೊರಗೆ 80 ಅಡಿ, ಒಳಗಿನ ಅಂಗಳ 55 ಅಡಿ. ಅಂದರೆ ಸುತ್ತಲಿನ ಗ್ಯಾಲರಿ ಹನ್ನೆರಡೂವರೆ ಅಡಿ ಆಳ. ಇಟ್ಟಿಗೆಯ ಅಡಿಪಾಯ ನೆಲದಿಂದ ಒಂದು ಅಡಿ ಮೇಲೆ ಬರಬೇಕು. ಮರದ ಬುಡಕ್ಕೆ ತೇವ ತಾಕಿದರೆ ಮೊದಲು ಕೊಳೆಯುವುದು ಅದೇ. ಮೂರು ಅಂತಸ್ತು: ಕೆಳಗಿನದು 12 ಅಡಿ, ನಡುವಿನದು 11, ಮೇಲಿನದು 9. ಮೇಲಿನ ಎರಡೂ ಅಂತಸ್ತು 10 ಅಂಗುಲ ಮುಂದಕ್ಕೆ ಚಾಚಿಕೊಳ್ಳಬೇಕು. ರಂಗದ ಅಗಲ 43 ಅಡಿ, ಆಳ ಅಂಗಳದ ನಟ್ಟನಡುವಿನವರೆಗೆ, ಅಂದರೆ ಇಪ್ಪತ್ತೇಳೂವರೆ ಅಡಿ. ಹೀಗಾದಾಗ ರಂಗದ ಎರಡೂ ಪಕ್ಕದಲ್ಲಿ ಆರಾರು ಅಡಿ ಜಾಗ ಜನ ನಿಲ್ಲಲು ಉಳಿಯುತ್ತದೆ. ರಂಗದ ಕೆಳಭಾಗಕ್ಕೂ ಕೆಳಗಿನ ಗ್ಯಾಲರಿಗೂ ಗಟ್ಟಿ ಓಕ್ ಹಲಗೆಯ ತಡೆ. ಗ್ಯಾಲರಿಯ ತಡೆಯ ಮೇಲೆ ಕಬ್ಬಿಣದ ಮೊನೆಗಳು. ಒಂದು ಪೆನ್ನಿ ಕೊಟ್ಟು ಅಂಗಳಕ್ಕೆ ಬಂದವನು ಹತ್ತಿ ಎರಡು ಪೆನ್ನಿಯ ಜಾಗಕ್ಕೆ ಹೋಗದಿರಲಿ ಎಂದು. ಮಾಡಿಗೆ ಹೆಂಚು. ರಂಗದ ಮೇಲಿನ ಸೂರಿನ ನೀರು ಹಿಂದಕ್ಕೆ ಹರಿದುಹೋಗಲು ಸೀಸದ ದೋಣಿ. ಬಣ್ಣದ ಖರ್ಚು ಬಡಗಿಯದಲ್ಲ ಎಂದೂ ಸ್ಪಷ್ಟವಾಗಿ ಬರೆದಿದೆ. ಹಣ ಎರಡು ಕಂತಿನಲ್ಲಿ: ಚೌಕಟ್ಟು ಎದ್ದು ನಿಂತಾಗ ಅರ್ಧ, ಎಲ್ಲ ಮುಗಿದ ಮೇಲೆ ಅರ್ಧ.

ನಮ್ಮ ದುರದೃಷ್ಟ ಎಂದರೆ ಈ ಕರಾರು ಮುಖ್ಯವಾದ ಕಡೆಯೆಲ್ಲ "ಗ್ಲೋಬ್‌ನಲ್ಲಿ ಇದ್ದಂತೆ" ಎಂದು ಬರೆದು ಮುಂದೆ ಹೋಗುತ್ತದೆ. ಬಡಗಿಗೆ ಅಷ್ಟು ಸಾಕು, ಗ್ಲೋಬ್ ಕಟ್ಟಿದವನೂ ಅವನೇ. ಕರಾರಿನ ಜೊತೆ ಇದ್ದ ನಕ್ಷೆ ಉಳಿದುಬಂದಿಲ್ಲ. ಒಳಾಂಗಣದ ಚಿತ್ರ ಎಂದು ನಮಗಿರುವುದು, ಡಚ್ ಪ್ರವಾಸಿ ಯೊಹಾನೆಸ್ ಡಿ ವಿಟ್ 1596ರ ಸುಮಾರಿಗೆ ಬರೆದ ಸ್ವಾನ್‌ನ ರೇಖಾಚಿತ್ರ. ಅದೂ ಮೂಲವಲ್ಲ, ಅವನ ಗೆಳೆಯ ಮಾಡಿಕೊಂಡ ನಕಲು. 1888ರಲ್ಲಿ ಯುಟ್ರೆಕ್ಟ್‌ನಿಂದ ಹೊರಬಂತು. ಅದರಲ್ಲಿ ನಾಟಕ ನಡೆಯುತ್ತಿದೆ, ಆದರೂ ಮೇಲಿನ ಗೂಡಿನಲ್ಲಿ ಒಬ್ಬ ನಾಟಕ ಶುರುವಾಗುವುದನ್ನು ಸಾರುವವನಂತೆ ಕಹಳೆ ಊದುತ್ತಿದ್ದಾನೆ. ಅಂಗಳದಲ್ಲಿ ಒಬ್ಬನೇ ಒಬ್ಬ ಪ್ರೇಕ್ಷಕನಿಲ್ಲ. ಅದನ್ನು ಫೋಟೋದಂತೆ ನಂಬಬಾರದು ಎನ್ನುವುದು ಇದಕ್ಕೆ. ಆದರೂ ಎರಡು ಬಾಗಿಲು, ಮೇಲೆ ಉಪ್ಪರಿಗೆ, ಸೂರು ಹೊತ್ತ ಎರಡು ದಪ್ಪ ಕಂಬ, ಇವಿಷ್ಟನ್ನು ಅದು ನೆಟ್ಟಗೆ ತೋರಿಸುತ್ತದೆ. ಆ ಕಂಬಗಳಿಗೆ ಅಮೃತಶಿಲೆಯೇ ಎನ್ನುವಂತೆ ಬಣ್ಣ ಬಳಿದಿದ್ದರು ಎಂದು ಡಿ ವಿಟ್ ಬರೆಯುತ್ತಾನೆ.

ಬರಿಯ ಹಲಗೆ ಎನ್ನುವವರು ಈ ಬಣ್ಣವನ್ನು ಮೊದಲು ನೋಡಬೇಕು. ರಂಗದ ಮೇಲಿನ ಸೂರಿಗೆ 'ಸ್ವರ್ಗ' ಎಂದು ಹೆಸರು. ಅದರ ಒಳಮೈಗೆ ಸೂರ್ಯ, ಚಂದ್ರ, ನಕ್ಷತ್ರ ಬರೆದಿರುತ್ತಿದ್ದರು. ನೆಲಬಾಗಿಲ ಕೆಳಗಿನದು 'ನರಕ'; ಭೂತಗಳು ಏಳುವುದು, ಹೆಣ ಇಳಿಸುವುದು ಅಲ್ಲಿಂದ. ಸೂರಿನ ನಿಜವಾದ ಕೆಲಸ ಉಡುಪನ್ನು ಮಳೆಯಿಂದ ಕಾಯುವುದು, ಏಕೆಂದರೆ ತಂಡದ ಬಂಡವಾಳವೆಲ್ಲ ಬಟ್ಟೆಯಲ್ಲಿತ್ತು. ಚಿನ್ನ, ಬೆಳ್ಳಿ ಕಸೂತಿಯ ಒಂದು ಕಪ್ಪು ಮಖಮಲ್ಲಿನ ನಿಲುವಂಗಿಗೆ ಅಲೀನ್ ಕೊಟ್ಟದ್ದು 20 ಪೌಂಡ್ 10 ಷಿಲಿಂಗ್ 6 ಪೆನ್ಸ್ (ಆಗ 12 ಪೆನ್ಸಿಗೆ ಒಂದು ಷಿಲಿಂಗ್, 20 ಷಿಲಿಂಗಿಗೆ ಒಂದು ಪೌಂಡ್). ಅಂದರೆ ಮೂರು ಹೊಸ ನಾಟಕ ಕೊಂಡುಕೊಳ್ಳುವ ದುಡ್ಡು ಒಂದು ಅಂಗಿಗೆ. ದೊಡ್ಡ ಮನೆತನದವರು ಸತ್ತಾಗ ಅವರ ಬಟ್ಟೆ ಸೇವಕರಿಗೆ ಬರುತ್ತಿತ್ತು, ಸೇವಕರು ಅವನ್ನು ಉಡುವಂತಿರಲಿಲ್ಲ, ನಟರಿಗೆ ಮಾರುತ್ತಿದ್ದರು ಎಂದು 1599ರಲ್ಲಿ ಲಂಡನ್ನಿಗೆ ಬಂದ ಸ್ವಿಸ್ ಪ್ರವಾಸಿ ಥಾಮಸ್ ಪ್ಲಾಟರ್ ಬರೆದಿದ್ದಾನೆ.

1598ರ ಮಾರ್ಚ್‌ನಲ್ಲಿ, ಹೆನ್ಸ್ಲೋನ ರೋಸ್‌ನಲ್ಲಿ ಆಡುತ್ತಿದ್ದ ಅಡ್ಮಿರಲ್ ತಂಡದ ಸಾಮಾನುಗಳ ಪಟ್ಟಿ ಮಾಡಿದರು. ಅದರಲ್ಲಿ ಒಂದು ಬಂಡೆ, ಒಂದು ಪಂಜರ, ಒಂದು ಗೋರಿ, ಒಂದು ನರಕದ ಬಾಯಿ, ಗಂಟೆಗಳ ಸಾಲು, ಸಿಂಹದ ಚರ್ಮ, ಕರಡಿಯ ಚರ್ಮ, ಮೂರು ತಲೆಯ ನಾಯಿ, ಫಾಸ್ಟಸ್ ನಾಟಕದ ಡ್ರ್ಯಾಗನ್, ರೋಮ್ ಪಟ್ಟಣದ ಒಂದು ಚಿತ್ರ ಇವೆ. ತೊಟ್ಟವನು ಯಾರಿಗೂ ಕಾಣನು ಎಂದು ಪ್ರೇಕ್ಷಕರು ಒಪ್ಪಿಕೊಳ್ಳುವ ಒಂದು ನಿಲುವಂಗಿಯನ್ನೂ ತಂಡಕ್ಕಾಗಿ ಕೊಂಡ ಲೆಕ್ಕ ಇದೆ. ರೋಸ್‌ನಲ್ಲಿ 1595ರ ಜೂನ್‌ನಲ್ಲಿ 'ಸ್ವರ್ಗ'ದಲ್ಲಿ ಸಿಂಹಾಸನ ಮಾಡಿಸಿದ್ದೂ ಸೇರಿ ಬಡಗಿ ಕೆಲಸಕ್ಕೆ 7 ಪೌಂಡ್ 2 ಷಿಲಿಂಗ್ ಖರ್ಚು ಬಿದ್ದಿದೆ. ರಕ್ತಕ್ಕೂ ವ್ಯವಸ್ಥೆ ಇತ್ತು: ಒಂದು ಯುದ್ಧ ನಾಟಕದ ನೇಪಥ್ಯ ಹಾಳೆಯಲ್ಲಿ ಮೂರು ಸೀಸೆ ರಕ್ತ, ಒಂದು ಕುರಿಯ ಗುಂಡಿಗೆ, ಪಿತ್ತಜನಕಾಂಗ, ಪುಪ್ಪುಸಗಳ ಗೊಂಚಲು ಬೇಕು ಎಂದು ಬರೆದಿದೆ. ಗುಡುಗಿಗೆ ಡೋಲು ಅಥವಾ ಮರದ ನೆಲದ ಮೇಲೆ ಉರುಳಿಸುವ ಕಬ್ಬಿಣದ ಗುಂಡು, ಮಿಂಚಿಗೆ ಮೇಣದಬತ್ತಿಯ ಉರಿಗೆ ಎರಚುವ ರಾಳದ ಪುಡಿ.

ಇಲ್ಲದಿದ್ದದ್ದು ಎರಡೇ: ಎದುರು ಮುಚ್ಚುವ ಪರದೆ ಮತ್ತು ಕತ್ತಲು. ನಾಟಕ ಕಟ್ಟುವ ಕ್ರಮವನ್ನು ತಿದ್ದಿದ್ದೂ ಈ ಎರಡೇ. ಪರದೆ ಇಲ್ಲದಿದ್ದರೆ ಸತ್ತವನು ಎದ್ದು ಹೋಗುವ ಹಾಗಿಲ್ಲ, ಹೊತ್ತು ಸಾಗಿಸಬೇಕು. ದುರಂತ ನಾಟಕಗಳ ಕೊನೆಯಲ್ಲಿ ಯಾರೋ ಒಬ್ಬ ಹೆಣ ಎತ್ತಿಸುವ ಆಜ್ಞೆ ಕೊಡುವುದು, ಮೆರವಣಿಗೆ ಹೊರಡುವುದು ಇದಕ್ಕೇ. ಒಂದು ಬಾಗಿಲಿನಿಂದ ಒಂದು ಗುಂಪು ಹೋಗುತ್ತಿರುವಾಗಲೇ ಇನ್ನೊಂದರಿಂದ ಮುಂದಿನ ದೃಶ್ಯದವರು ಮಾತಾಡುತ್ತ ಬರುತ್ತಾರೆ. ನಡುವೆ ಖಾಲಿ ಬಿಟ್ಟರೆ ಅಂಗಳದಲ್ಲಿ ನಿಂತವರ ಗಮನ ಚದುರುತ್ತದೆ. ಕತ್ತಲೆ ಇಲ್ಲದ್ದರಿಂದ ಇರುಳನ್ನು ಕೈಯಲ್ಲಿ ಹಿಡಿದು ತರಬೇಕು: ಪಂಜು ಅಥವಾ ಮೇಣದಬತ್ತಿ ಹಿಡಿದು ಬಂದರೆ ರಾತ್ರಿ. ಪಾತ್ರಗಳು ಗಂಟೆ ಎಷ್ಟಾಯಿತು, ಚಂದ್ರ ಮುಳುಗಿತೇ ಎಂದು ಮಾತಾಡಿಕೊಳ್ಳುವುದನ್ನು ಬರಿಯ ಕಾವ್ಯವೆಂದು ಓದಿದರೆ ಅರ್ಧ ಕಾರಣ ತಪ್ಪಿಹೋಗುತ್ತದೆ. ರಂಗ ಅಂಗಳದ ನಡುವಿಗೆ ಚಾಚಿರುವುದರಿಂದ ಪ್ರೇಕ್ಷಕರು ಮೂರು ಕಡೆ, ಹಿಂದಿನ ಉಪ್ಪರಿಗೆಯಲ್ಲಿ ಸಿರಿವಂತರು ಕೂತರೆ ನಾಲ್ಕೂ ಕಡೆ. ಮುಂದೆ ಬಂದು ನಿಂತು ಎದುರಿಗೆ ಮಾತ್ರ ಮಾತಾಡಿದರೆ ಪಕ್ಕದವರಿಗೆ ಬರಿಯ ಕಿವಿ ಕಾಣುತ್ತದೆ, ಕಂಬದ ಹತ್ತಿರ ನಿಂತರೆ ಒಂದು ಪಾಲು ಜನಕ್ಕೆ ನಟನೇ ಕಾಣುವುದಿಲ್ಲ. ಮೂಲೆಯಿಂದ ಮೂಲೆಗೆ ಸಾಗುತ್ತಲೇ ಇರಬೇಕು. ಯಕ್ಷಗಾನದ ರಂಗಸ್ಥಳ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ವೇಷ ಕಟ್ಟುವ ಮನೆಯೂ ನಮ್ಮ ಚೌಕಿಯಂತೆಯೇ. ವ್ಯತ್ಯಾಸ ಎಂದರೆ ನಮ್ಮದು ಇರುಳಿನ ಆಟ, ಅವರದು ಮಧ್ಯಾಹ್ನದ ಆಟ.

ಮಧ್ಯಾಹ್ನ ಎರಡಕ್ಕೆ ಶುರು. 1594ರ ಅಕ್ಟೋಬರ್ 8ರಂದು ಲಾರ್ಡ್ ಚೇಂಬರ್ಲಿನ್ ಹನ್ಸ್‌ಡನ್ ಮೇಯರ್‌ಗೆ ಬರೆದ ಕಾಗದದಲ್ಲಿ, ಮೊದಲು ನಾಲ್ಕರ ಹೊತ್ತಿಗೆ ಶುರುಮಾಡುತ್ತಿದ್ದ ತನ್ನ ತಂಡ ಇನ್ನು ಎರಡಕ್ಕೇ ಶುರುಮಾಡಿ ನಾಲ್ಕರಿಂದ ಐದರೊಳಗೆ ಮುಗಿಸುತ್ತದೆ, ಜನ ಸೇರಿಸಲು ಡೋಲು ಕಹಳೆ ಬಾರಿಸುವುದಿಲ್ಲ, ಊರಿನ ಬಡವರಿಗೆ ಕಾಣಿಕೆಯನ್ನೂ ಕೊಡುತ್ತದೆ ಎಂದು ಮಾತು ಕೊಟ್ಟಿದ್ದಾನೆ. ಅದು ನಗರದೊಳಗಿನ ಒಂದು ಛತ್ರದ ಅಂಗಳದಲ್ಲಿ ಚಳಿಗಾಲ ಆಡಲು ಕೇಳಿದ ಅನುಮತಿ. ನದಿಯಾಚೆ ಅಂಥ ಕಟ್ಟುಪಾಡಿರಲಿಲ್ಲ; ಆಟ ಇರುವ ದಿನ ಮಾಡಿನ ಮೇಲೆ ಬಾವುಟ ಏರುತ್ತಿತ್ತು, ಕಹಳೆ ಮೂರು ಸಲ ಕೂಗುತ್ತಿತ್ತು.

ಬಾಗಿಲಲ್ಲಿ ಒಂದು ಪೆನ್ನಿ ಕೊಟ್ಟರೆ ಅಂಗಳದಲ್ಲಿ ನಿಲ್ಲಬಹುದು. ಒಳಗೆ ಇನ್ನೊಂದು ಬಾಗಿಲಲ್ಲಿ ಇನ್ನೊಂದು ಪೆನ್ನಿ ಕೊಟ್ಟರೆ ಗ್ಯಾಲರಿ, ಮೂರನೆಯ ಪೆನ್ನಿಗೆ ಮೆತ್ತೆ ಹಾಕಿದ ಜಾಗ, ಎಂದು ಪ್ಲಾಟರ್ ಕ್ರಮವಾಗಿ ಹೇಳುತ್ತಾನೆ. ಕಸಬು ಬಲ್ಲ ಕೆಲಸಗಾರನ ದಿನಗೂಲಿ ಆಗ ಸುಮಾರು 12 ಪೆನ್ಸ್. ಕಾಸು ಹಾಕಿಸಿಕೊಳ್ಳುತ್ತಿದ್ದದ್ದು ಸೀಳುಬಾಯಿಯ ಮಣ್ಣಿನ ಹುಂಡಿಗಳಿಗೆ. ತುಂಬಿದ ಮೇಲೆ ಒಡೆದೇ ಕಾಸು ತೆಗೆಯಬೇಕು, ವಸೂಲಿ ಮಾಡುವವನು ನಡುವೆ ಕೈ ಹಾಕಲು ಬರುವುದಿಲ್ಲ. ರೋಸ್‌ನ ನೆಲದಲ್ಲಿ ಅಂಥ ಹುಂಡಿಯ ಚೂರುಗಳು ಸಿಕ್ಕಿವೆ. ಸಂಜೆ ಲೆಕ್ಕ ಹೀಗೆ: ಅಂಗಳದ ಹಣವೂ ಗ್ಯಾಲರಿಯ ಅರ್ಧವೂ ನಟರ ತಂಡಕ್ಕೆ, ಗ್ಯಾಲರಿಯ ಉಳಿದರ್ಧ ಕಟ್ಟಡದ ಒಡೆಯನಿಗೆ. ತಂಡದ ಪಾಲುದಾರರು ಖರ್ಚು ಕಳೆದು ಉಳಿದದ್ದನ್ನು ಹಂಚಿಕೊಳ್ಳುತ್ತಿದ್ದರು, ಕೂಲಿ ನಟರಿಗೆ ವಾರಕ್ಕೆ 5ರಿಂದ 10 ಷಿಲಿಂಗ್. ರೋಸ್‌ನ ಅಂಗಳದಲ್ಲಿ ಹೇಜಲ್ ಕಾಯಿಯ ಸಿಪ್ಪೆ ರಾಶಿ ಸಿಕ್ಕಿದೆ. ಅದೆಲ್ಲ ಪ್ರೇಕ್ಷಕರು ತಿಂದು ಎಸೆದದ್ದು ಎಂದು ಬರೆಯುವವರಿದ್ದಾರೆ. ಬಹುಪಾಲು ಹಾಗಲ್ಲ, ನೆಲ ಗಟ್ಟಿ ಮಾಡಲು ಬೂದಿ, ಕಿಟ್ಟದ ಜೊತೆ ಬೆರೆಸಿ ಹಾಸಿದ ಸಿಪ್ಪೆ ಅದು. ತಿಂದದ್ದಕ್ಕೆ ಸಾಕ್ಷಿ ಸಿಂಪಿ ಚಿಪ್ಪುಗಳು ಮತ್ತು ಹಣ್ಣಿನ ಬೀಜಗಳು. ಹುಲ್ಲುಮಾಡಿನ ಅಂಚಿನಿಂದ ಮಳೆನೀರು ಬಿದ್ದು ಬಿದ್ದು ಅಂಗಳದಲ್ಲಿ ಕೊರೆದ ಗೆರೆಯೂ ಅಲ್ಲಿ ಹಾಗೇ ಉಳಿದಿತ್ತು. ಅಲ್ಲಿ ನಿಂತವನ ಹೆಗಲು ನೆನೆದೇ ನೆನೆಯುತ್ತಿತ್ತು.

ವಾರಕ್ಕೆ ಆರು ದಿನ ಆಟ, ದಿನಕ್ಕೊಂದು ಬೇರೆ ನಾಟಕ. 1594-95ರ ಸಾಲಿನಲ್ಲಿ ಅಡ್ಮಿರಲ್ ತಂಡ ಆಡಿದ್ದು 38 ನಾಟಕ, ಅದರಲ್ಲಿ 21 ಹೊಸವು. ಇದು ಹೆನ್ಸ್ಲೋನ ಲೆಕ್ಕದ ಪುಸ್ತಕದಿಂದ ತಿಳಿದದ್ದು. ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ಕಬ್ಬಿಣದ ಕೆಲಸದ ಲೆಕ್ಕಕ್ಕೆ ಬಳಸಿ ಬಿಟ್ಟ ಪುಸ್ತಕವನ್ನೇ ಹೆನ್ಸ್ಲೋ ನಾಟಕದ ಲೆಕ್ಕಕ್ಕೆ ಹಚ್ಚಿದ. ಅದು ಅಳಿಯ ಅಲೀನ್ ಕೈಗೆ ಬಂದು, ಅಲೀನ್ ಸ್ಥಾಪಿಸಿದ ಡಲ್ವಿಚ್ ಕಾಲೇಜಿನಲ್ಲಿ ಉಳಿಯಿತು. ಇಷ್ಟು ನಾಟಕ ನೆನಪಿಟ್ಟುಕೊಳ್ಳಲು ಪೂರ್ತಿ ಪ್ರತಿ ಯಾರಿಗೂ ಕೊಡುತ್ತಿರಲಿಲ್ಲ. ಕೈಬರಹದ ನಕಲಿಗೆ ಖರ್ಚು, ಕದ್ದು ಬೇರೆಯವರಿಗೆ ಮಾರುವ ಭಯ ಬೇರೆ. ಒಬ್ಬೊಬ್ಬನಿಗೂ ಅವನ ಮಾತು ಮಾತ್ರ ಬರೆದ ಉದ್ದನೆಯ ಸುರುಳಿ. ಪ್ರತಿ ಮಾತಿನ ಮೊದಲು ಒಂದು ಗೆರೆ, ಗೆರೆಯ ಕೊನೆಗೆ ಎದುರಿನವನ ಮಾತಿನ ಕೊನೆಯ ಎರಡು ಮೂರು ಪದ. ಆ ಪದ ಯಾರ ಬಾಯಿಂದ, ಎಷ್ಟು ಹೊತ್ತಿನ ಮೇಲೆ ಬರುತ್ತದೆ ಎಂದು ಸುರುಳಿಯಲ್ಲಿ ಇರುವುದಿಲ್ಲ. ಅದೇ ಪದ ಎರಡು ಸಲ ಬಂದರೆ ನಟ ಅವಸರದಲ್ಲಿ ಬಾಯಿ ಹಾಕಿ ದೃಶ್ಯ ಕೆಡುತ್ತದೆ. ಅದನ್ನು ತಡೆಯಲು ಚೌಕಿಯ ಗೂಟಕ್ಕೆ, ಯಾರು ಯಾವಾಗ ಏನು ಹಿಡಿದು ಹೋಗಬೇಕು ಎಂದು ಬರೆದ ಹಾಳೆಯನ್ನು ತೂಗುಹಾಕುತ್ತಿದ್ದರು. ಪೂರ್ತಿ ಪ್ರತಿ ಇರುತ್ತಿದ್ದದ್ದು ಪುಸ್ತಕ ನೋಡಿಕೊಳ್ಳುವವನ ಹತ್ತಿರ ಮಾತ್ರ. ಅದರ ಮೇಲೆ ರಾಜೋತ್ಸವಗಳ ಅಧಿಕಾರಿಯ ಸಹಿ ಬೇಕು. 1579ರಿಂದ ಆ ಹುದ್ದೆಯಲ್ಲಿದ್ದವನು ಎಡ್ಮಂಡ್ ಟಿಲ್ನಿ. ಒಂದು ನಾಟಕ ಓದಿ ಒಪ್ಪಿಗೆ ಕೊಡಲು 7 ಷಿಲಿಂಗ್.

ಹೆಂಗಸರ ವಿಷಯ. ಹೆಣ್ಣು ರಂಗ ಹತ್ತಬಾರದೆಂಬ ಕಾನೂನು ಇಂಗ್ಲೆಂಡಿನಲ್ಲಿ ಇರಲಿಲ್ಲ, ಅದು ರೂಢಿ. ಸ್ತ್ರೀವೇಷ ಮಾಡುತ್ತಿದ್ದವರು ದನಿ ಇನ್ನೂ ಒಡೆಯದ ಹುಡುಗರು. ನಟರಿಗೆ ತಮ್ಮದೇ ಕಸಬುದಾರರ ಸಂಘ ಇರಲಿಲ್ಲವಾದ್ದರಿಂದ ಬೇರೆ ಸಂಘದ ಸದಸ್ಯತ್ವ ಇದ್ದ ನಟರ ಕೈಕೆಳಗೆ ಹುಡುಗರನ್ನು ಬರೆಸುತ್ತಿದ್ದರು. ಹೆಮಿಂಜ್ ದಿನಸಿ ವ್ಯಾಪಾರಿಗಳ ಸಂಘದವನು. ಅವನ ಹುಡುಗರು ಕಾಗದದ ಮೇಲೆ ದಿನಸಿ ವ್ಯಾಪಾರ ಕಲಿಯುವವರು, ರಂಗದ ಮೇಲೆ ರಾಣಿಯರು. ಒಂದು ನಾಟಕದಲ್ಲಿ ಹೆಣ್ಣು ಪಾತ್ರಗಳು ಮೂರೋ ನಾಲ್ಕೋ ಇರುವುದು ತಂಡದಲ್ಲಿದ್ದ ಹುಡುಗರ ಲೆಕ್ಕಕ್ಕೆ. ಪ್ರೇಕ್ಷಕರಲ್ಲಿ ಮಾತ್ರ ಹೆಂಗಸರು ಧಾರಾಳವಾಗಿ ಇರುತ್ತಿದ್ದರು.

ಕೆಡುತ್ತಿದ್ದದ್ದು ಎರಡರಿಂದ, ಪ್ಲೇಗ್ ಮತ್ತು ಬೆಂಕಿ. 1592ರ ಬೇಸಿಗೆಯಿಂದ 1594ರವರೆಗೆ ನಡುವೆ ಕೆಲವೇ ವಾರ ಬಿಟ್ಟರೆ ನಾಟಕಶಾಲೆಗಳು ಮುಚ್ಚಿಯೇ ಇದ್ದವು, ತಂಡಗಳು ಒಡೆದು ಊರೂರು ಸುತ್ತಿದವು. ಮುಂದೆ ವಾರಕ್ಕೆ ಪ್ಲೇಗ್ ಸಾವು 30 ದಾಟಿದರೆ ಮುಚ್ಚಬೇಕು ಎಂಬ ನಿಯಮ ಬಂತು. ಬೆಂಕಿಯ ಕಥೆ 1613ರ ಜೂನ್ 29ರದು. ಎಂಟನೆಯ ಹೆನ್ರಿಯ ನಾಟಕದಲ್ಲಿ ರಾಜನ ಆಗಮನಕ್ಕೆ ಸಣ್ಣ ತೋಪು ಹಾರಿಸಿದರು. ಗುಂಡು ಇರಲಿಲ್ಲ, ಆದರೆ ಮದ್ದನ್ನು ಗಿಡಿದು ತುಂಬುವ ಕಾಗದದಂಥ ಉಂಡೆ ಉರಿಯುತ್ತ ಹೋಗಿ ಹುಲ್ಲುಮಾಡಿಗೆ ಬಿತ್ತು. ಬರಿಯ ಹೊಗೆ ಎಂದುಕೊಂಡು ಜನ ನಾಟಕ ನೋಡುತ್ತಲೇ ಇದ್ದರು. ಅಷ್ಟರಲ್ಲಿ ಬೆಂಕಿ ಒಳಗೊಳಗೇ ಹರಿದು ಮಾಡಿನ ಸುತ್ತ ಓಡಿತು. ಒಣಹುಲ್ಲಿನ ಅಪಾಯ ಅದೇ, ಕಣ್ಣಿಗೆ ಕಾಣುವ ಹೊತ್ತಿಗೆ ಕೈ ಮೀರಿರುತ್ತದೆ. ಒಂದು ಗಂಟೆಯೊಳಗೆ ಗ್ಲೋಬ್ ನೆಲಸಮ. ಹೊರಗೆ ಹೋಗಲು ಇದ್ದದ್ದು ಎರಡೇ ಬಾಗಿಲು, ಆದರೂ ಯಾರೂ ಸಾಯಲಿಲ್ಲ. ಒಬ್ಬನ ಚಡ್ಡಿಗೆ ಬೆಂಕಿ ಹತ್ತಿತು, ಸೀಸೆಯಲ್ಲಿದ್ದ ಏಲ್ ಮದ್ಯ ಸುರಿದು ಆರಿಸಿದರು ಎಂದು ಸರ್ ಹೆನ್ರಿ ವಾಟನ್ ಮೂರು ದಿನದ ಮೇಲೆ ಕಾಗದ ಬರೆದಿದ್ದಾನೆ. ಮರುವರ್ಷ ಎದ್ದ ಗ್ಲೋಬ್‌ಗೆ ಹೆಂಚು ಹಾಕಿದರು. ಹೆಂಚೂ ಪೂರ್ತಿ ರಕ್ಷಣೆ ಅಲ್ಲ: ಹೆಂಚಿನ ಫಾರ್ಚೂನ್ 1621ರ ಡಿಸೆಂಬರ್ 9ರ ರಾತ್ರಿ ಎರಡೇ ಗಂಟೆಯೊಳಗೆ ಉರಿದುಹೋಯಿತು, ತಂಡದ ಬಟ್ಟೆಬರೆ, ನಾಟಕದ ಪ್ರತಿಗಳೆಲ್ಲ ಹೋದವು. ಉಡುಪು ಮತ್ತೆ ಹೊಲಿಸಬಹುದು. ಒಂದೇ ಪ್ರತಿ ಇದ್ದ ನಾಟಕ ಉರಿದರೆ ಮತ್ತೆ ಬರುವುದಿಲ್ಲ. ಆ ಕಾಲದ ಎಷ್ಟೋ ನಾಟಕಗಳು ಇವತ್ತು ಹೆಸರಿಗೆ ಮಾತ್ರ ಉಳಿದಿರುವುದಕ್ಕೆ ಇಂಥ ಬೆಂಕಿಗಳೂ ಕಾರಣ. ಈ ನಷ್ಟ ನೆನೆದಾಗ ಈಗಲೂ ಮನಸ್ಸಿಗೆ ನೋವಾಗುತ್ತದೆ.

1642ರ ಸೆಪ್ಟೆಂಬರ್‌ನಲ್ಲಿ ಪಾರ್ಲಿಮೆಂಟ್ ನಾಟಕ ನಿಲ್ಲಿಸಿತು. 1660ರಲ್ಲಿ ಮತ್ತೆ ಶುರುವಾದಾಗ ರಂಗ ಒಳಾಂಗಣಕ್ಕೆ ಸೇರಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ವೃತ್ತಿರಂಗಕ್ಕೆ ನಟಿ ಬಂದಳು, ಮುಂದಿನ ವರ್ಷಗಳಲ್ಲಿ ಬಣ್ಣದ ಪರದೆಗಳು ಬಂದವು. ಎರಡು ಶತಮಾನ ಕಳೆದು ಹಡಗು ಹತ್ತಿ ಭಾರತಕ್ಕೆ ಬಂದದ್ದು ಈ ಎರಡನೆಯ ರಂಗ. ನಮ್ಮ ಕಂಪನಿ ನಾಟಕಗಳ ಅರಮನೆ, ಕಾಡು, ಬೀದಿಯ ಪರದೆಗಳ ಮೂಲ ಅದು. ಕಂಪನಿ ನಾಟಕದ ರಂಗವನ್ನು ಮನಸ್ಸಿನಲ್ಲಿಟ್ಟುಕೊಂಡು, ಅದರಿಂದ ಪರದೆ ಕಿತ್ತು ಹಾಕಿದರೆ ಗ್ಲೋಬ್ ಆಯಿತು ಎಂದು ಊಹಿಸಿದಾಗ "ಬರಿಯ ಹಲಗೆ" ಎಂಬ ಮಾತು ಹುಟ್ಟುತ್ತದೆ.

ಲೇಖನದ ಜೊತೆ ಅಚ್ಚಾದ ಚಿತ್ರದಲ್ಲಿ ಗ್ಲೋಬ್‌ಗೆ ಕೊಳವೆಯಂಥ ಗೋಡೆಯೂ ರಂಗದ ಮುಂದೆ ಕೆಂಪು ಪರದೆಯೂ ಇವೆ. ಮುಂದೆ ಯಾವಾಗಲಾದರೂ ಅದನ್ನು ಮತ್ತೆ ಬಳಸುವುದಾದರೆ ಗೋಡೆಗೆ 20 ಮೂಲೆ ಕೊಡಿಸಿ, ಮುಂದಿನ ಪರದೆ ತೆಗೆಸಿ, ಸೂರಿನ ಕೆಳಗೆ ಎರಡು ಕಂಬ ನಿಲ್ಲಿಸಬೇಕೆಂದು ಕೋರುತ್ತೇನೆ. ಪಕ್ಕದಲ್ಲಿ ಫಾರ್ಚೂನ್ ಕರಾರಿನ ಅಳತೆಗಳನ್ನು ಅಚ್ಚು ಹಾಕಿದರೆ ವಿದ್ಯಾರ್ಥಿಗಳು ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ.

ಇತಿ ತಮ್ಮ ವಿಶ್ವಾಸಿ,
ರಂಗ ಇತಿಹಾಸದ ಅಧ್ಯಾಪಕ
ಶಿವಮೊಗ್ಗ